ಮುನ್ನೂರು ಕೋಟಿ ಅಕ್ಷರಗಳಲ್ಲಿ ಒಂದು

ಮೊದಲ ಬಾರಿ ಮಾತು ನಿಂತಾಗ ನಾನು ಫೋನಿನಲ್ಲಿದ್ದೆ. ಅತ್ತಲಿಂದ ಲೇಖಕರೊಬ್ಬರು ತಮ್ಮ ಪುಸ್ತಕದ ಎಂಟನೆಯ ಅಧ್ಯಾಯದ ಬಗ್ಗೆ ಏನೋ ಕೇಳುತ್ತಿದ್ದರು. ಕೇಳಿದ್ದು ಅರ್ಥವಾಗಿತ್ತು, ಹೇಳಬೇಕಾದ ಉತ್ತರವೂ ಮನಸ್ಸಿನಲ್ಲಿ ಸಿದ್ಧವಿತ್ತು. ಬಾಯಿ ತೆರೆದರೆ ಪದವೇ ಹೊರಡಲಿಲ್ಲ. ಬಲಗಡೆ ತುಟಿಯ ಅಂಚು ತಾನಾಗಿಯೇ ಎರಡು ಮೂರು ಸಲ ಅದುರಿತು. ಅರ್ಧ ನಿಮಿಷವಿರಬಹುದು, ಅಷ್ಟೇ. ಆಮೇಲೆ ಏನೂ ಆಗಿಲ್ಲವೆಂಬಂತೆ ಮಾತು ಮರಳಿತು. "ಲೈನ್ ಕಟ್ಟಾಗಿತ್ತೇನೋ" ಎಂದರು ಅವರು. ಹೌದೆಂದುಬಿಟ್ಟೆ.

ನನ್ನ ಕೆಲಸ ಕರಡು ತಿದ್ದುವುದು. ದಿನಕ್ಕೆ ಎಂಟು ಗಂಟೆ ಒತ್ತಕ್ಷರ, ಕೊಂಬು, ದೀರ್ಘಗಳನ್ನೇ ಹುಡುಕುತ್ತಾ ಕೂರುವವಳಿಗೆ ಆಯಾಸವಾಗುವುದು ಸಹಜವೆಂದುಕೊಂಡೆ. ಮುಂದಿನ ನಾಲ್ಕು ತಿಂಗಳಲ್ಲಿ ಇದು ಆರೇಳು ಬಾರಿ ಮರುಕಳಿಸಿತು. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಎಂದು ಅನ್ನಿಸಲೇ ಇಲ್ಲ, ಏಕೆಂದರೆ ತಲೆನೋವಿರಲಿಲ್ಲ. ಮಿದುಳಿನಲ್ಲಿ ಗಡ್ಡೆಯೆಂದರೆ ತಲೆ ಸಿಡಿಯುವಂಥ ನೋವು ಬಂದೇ ಬರುತ್ತದೆ ಎಂದು ಎಲ್ಲರಂತೆ ನಾನೂ ನಂಬಿದ್ದೆ. ಈ ಬರಹಕ್ಕೆ ಕುಳಿತ ಮುಖ್ಯ ಕಾರಣಗಳಲ್ಲಿ ಅದೂ ಒಂದು.

ಒಂದು ನಡುರಾತ್ರಿ ಇಡೀ ದೇಹ ಸೆಟೆದು ನಡುಗಿತಂತೆ. ನನಗೆ ನೆನಪಿರುವುದು ಆಸ್ಪತ್ರೆಯ ತುರ್ತು ಚಿಕಿತ್ಸಾ ಕೊಠಡಿಯ ಬಿಳಿ ದೀಪ, ಕಚ್ಚಿಕೊಂಡ ನಾಲಿಗೆಯ ಉರಿ ಮತ್ತು ಪಕ್ಕದಲ್ಲಿ ಬೆವರಿ ನಿಂತಿದ್ದ ಗಂಡನ ಮುಖ. "ಫಿಟ್ಸ್" ಎಂದರು ವೈದ್ಯರು. ಆಗ ಆ ಅರ್ಧ ನಿಮಿಷದ ಮೌನಗಳ ಕಥೆಯನ್ನೆಲ್ಲ ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ, "ಅವೂ ಫಿಟ್ಸೇ. ಮಿದುಳಿನ ಒಂದು ಸಣ್ಣ ಜಾಗಕ್ಕೆ ಸೀಮಿತವಾದವು" ಎಂದರು. ಎಚ್ಚರ ತಪ್ಪದೆಯೂ ಫಿಟ್ಸ್ ಬರುತ್ತದೆಂದು ನನಗೆ ತಿಳಿದದ್ದು ಅಂದೇ. ನಿಧಾನವಾಗಿ ಬೆಳೆಯುವ ಗಡ್ಡೆಗಳು ಬಹಳ ಸಲ ತಮ್ಮ ಇರವನ್ನು ಮೊದಲು ಹೇಳುವುದೇ ಹೀಗೆ.

ಸಿ.ಟಿ. ಸ್ಕ್ಯಾನಿನಲ್ಲಿ ಎಡ ಹಣೆಯ ಹಿಂಭಾಗದಲ್ಲಿ ಒಂದು ಮಸುಕು ಕಲೆಯೂ ಅದರೊಳಗೆ ಸುಣ್ಣ ಕಟ್ಟಿದ ಕೆಲವು ಬಿಳಿ ಚುಕ್ಕೆಗಳೂ ಕಂಡವು. ಮರುದಿನ ಎಂ.ಆರ್.ಐ. ನಡುವೆ ಕೈಯ ರಕ್ತನಾಳಕ್ಕೆ ಗ್ಯಾಡೊಲಿನಿಯಮ್ ಇರುವ ಔಷಧಿ ಕೊಟ್ಟು ಇನ್ನಷ್ಟು ಚಿತ್ರಗಳನ್ನು ತೆಗೆದರು. ಗಡ್ಡೆ ಈ ಔಷಧಿಯಿಂದ ಬೆಳಗಲಿಲ್ಲ. ಅದು ಒಳ್ಳೆಯ ಸೂಚನೆಯೆಂದು ವೈದ್ಯರು ಹೇಳಿದಾಗ ನನಗೆ ತಲೆಬುಡ ತಿಳಿಯಲಿಲ್ಲ. ಬಿಡಿಸಿ ಹೇಳಿ ಎಂದು ಪಟ್ಟು ಹಿಡಿದೆ. ಮಿದುಳಿನ ರಕ್ತನಾಳಗಳ ಗೋಡೆ ಮೈಯ ಬೇರೆ ಕಡೆಯ ರಕ್ತನಾಳಗಳಿಗಿಂತ ಬಹಳ ಬಿಗಿ. ರಕ್ತದಲ್ಲಿರುವುದನ್ನೆಲ್ಲ ಅದು ಒಳಗೆ ಬಿಡುವುದಿಲ್ಲ. ವೇಗವಾಗಿ ಬೆಳೆಯುವ ಗಡ್ಡೆ ತನಗೆ ಬೇಕಾದ ಹೊಸ ರಕ್ತನಾಳಗಳನ್ನು ಅವಸರದಲ್ಲಿ ಬೆಳೆಸಿಕೊಳ್ಳುತ್ತದೆ. ಅವು ಸೋರುತ್ತವೆ, ಸೋರಿದಲ್ಲಿ ಔಷಧಿ ನಿಂತು ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ನನ್ನದರಲ್ಲಿ ಇನ್ನೂ ಗೋಡೆ ಗಟ್ಟಿಯಾಗಿತ್ತು.

ಎದೆ, ಹೊಟ್ಟೆಗಳ ಸ್ಕ್ಯಾನನ್ನೂ ಮಾಡಿಸಿದರು. ತಲೆಯ ಕಾಯಿಲೆಗೆ ಹೊಟ್ಟೆಯನ್ನೇಕೆ ನೋಡುತ್ತಾರೆ ಎಂದು ಗಂಡ ಗೊಣಗಿದರು. ವಯಸ್ಕರ ಮಿದುಳಿನಲ್ಲಿ ಕಾಣುವ ಕ್ಯಾನ್ಸರ್ ಗಡ್ಡೆಗಳಲ್ಲಿ ಹೆಚ್ಚಿನವು ಅಲ್ಲಿ ಹುಟ್ಟಿದವಲ್ಲ. ಶ್ವಾಸಕೋಶ, ಸ್ತನ, ಮೂತ್ರಪಿಂಡ, ಚರ್ಮದ ಮೆಲನೋಮಾಗಳಿಂದ ರಕ್ತದ ಮೂಲಕ ಬಂದು ನೆಲೆಸಿದವು. ಬೇರೆ ಎಲ್ಲೂ ಏನೂ ಸಿಗಲಿಲ್ಲ. ಹಾಗಾದರೆ ಇದು ಅಲ್ಲಿಯದೇ.

ಆ ವಾರ ನಾನಿದ್ದ ಕೊಠಡಿಯ ಇನ್ನೊಂದು ಹಾಸಿಗೆಯಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರಿದ್ದರು. ಅವರ ಗಡ್ಡೆ ಮೆನಿಂಜಿಯೋಮಾ. ಮಿದುಳಿನೊಳಗಲ್ಲದೆ ಅದನ್ನು ಸುತ್ತಿದ ಪೊರೆಯಲ್ಲಿ ಹುಟ್ಟುವಂಥದ್ದು. ತಲೆಯೊಳಗೇ ಹುಟ್ಟುವ ಗಡ್ಡೆಗಳಲ್ಲಿ ಇದೇ ಅತಿ ಸಾಮಾನ್ಯ, ಬಹುಪಾಲು ನಿರಪಾಯಕಾರಿ. 1922ರಲ್ಲಿ ಹಾರ್ವೆ ಕುಶಿಂಗ್ ಎಂಬ ಶಸ್ತ್ರಚಿಕಿತ್ಸಕರು ಇಟ್ಟ ಹೆಸರೇ ಇಂದಿಗೂ ಉಳಿದಿದೆ. "ನಿಮ್ಮದು ಒಳ್ಳೆಯ ಗಡ್ಡೆಯಂತೆ" ಎಂದು ನಾನು ಅವರಿಗೆ ಧೈರ್ಯ ಹೇಳಲು ಹೋದೆ. ಅವರು ಸುಮ್ಮನೆ ನನ್ನನ್ನು ನೋಡಿದರು. ಪ್ರತಿದಿನ ಬೆಳಗ್ಗೆ ಎದ್ದೊಡನೆ ಅವರಿಗೆ ವಾಂತಿ. ತಲೆಯನ್ನು ಎರಡೂ ಕೈಯಲ್ಲಿ ಅದುಮಿಕೊಂಡು ಕೂರುತ್ತಿದ್ದರು. ಎದುರಿಗಿದ್ದ ಗಡಿಯಾರದ ಮುಳ್ಳು ಮಸುಕಾಗಿ ಕಾಣುತ್ತದೆ ಎನ್ನುತ್ತಿದ್ದರು. ನಾನೋ ಎದ್ದು ಓಡಾಡಿಕೊಂಡಿದ್ದೆ. ಒಳ್ಳೆಯ ಗಡ್ಡೆ ಅವರನ್ನು ಮಲಗಿಸಿತ್ತು; ಒಳ್ಳೆಯದಲ್ಲದ್ದು ನನ್ನನ್ನು ನಡೆಯಲು ಬಿಟ್ಟಿತ್ತು.

ಇದರ ಲೆಕ್ಕ ತಲೆಬುರುಡೆಯಲ್ಲಿದೆ. ಅದೊಂದು ಹಿಗ್ಗದ ಪೆಟ್ಟಿಗೆ. ಒಳಗೆ ಇರುವುದು ಮೂರೇ: ಸುಮಾರು 1.4 ಕಿಲೋ ತೂಗುವ ಮಿದುಳು, ರಕ್ತ, ಮತ್ತು ಮಿದುಳು, ಬೆನ್ನುಹುರಿಗಳನ್ನು ಸುತ್ತುವರಿದು ಹರಿಯುವ ಸುಮಾರು 150 ಮಿಲಿ ಲೀಟರ್ ತಿಳಿ ದ್ರವ. ನಾಲ್ಕನೆಯದೊಂದು ಬಂದು ಸೇರಿದರೆ ಮೊದಲಿನ ಮೂರರಲ್ಲಿ ಒಂದು ಜಾಗ ಬಿಡಬೇಕು. ಮೊದಮೊದಲು ದ್ರವ ಹಿಂದೆ ಸರಿದು ಜಾಗ ಕೊಡುತ್ತದೆ, ಆಮೇಲೆ ರಕ್ತ. ಇನ್ನು ಕೊಡಲು ಏನೂ ಇಲ್ಲವೆಂಬ ಹಂತದಲ್ಲಿ ಒತ್ತಡ ಒಮ್ಮೆಗೇ ಏರುತ್ತದೆ. ರಾತ್ರಿ ಚಪ್ಪಟೆಯಾಗಿ ಮಲಗಿರುವಾಗ, ನಿದ್ದೆಯಲ್ಲಿ ಉಸಿರಾಟ ಮಂದವಾದಾಗ ಅದು ಇನ್ನಷ್ಟು ಏರುವುದರಿಂದಲೇ ಬೆಳಗಿನ ಜಾವದ ತಲೆನೋವು, ವಾಂತಿ. ಗಡ್ಡೆ ಎಷ್ಟು ಕೆಟ್ಟದ್ದು ಎಂಬುದರಷ್ಟೇ ಅದು ಎಲ್ಲಿದೆ, ಎಷ್ಟು ಬೇಗ ಬೆಳೆಯಿತು ಎಂಬುದೂ ಮುಖ್ಯ. ದ್ರವ ಹರಿಯುವ ಕಿರಿದಾದ ದಾರಿಗೆ ಅಡ್ಡ ಕುಳಿತರೆ ಸಣ್ಣ ನಿರಪಾಯಕಾರಿ ಗಡ್ಡೆಯೂ ಜೀವಕ್ಕೆ ಕುತ್ತು ತರಬಲ್ಲದು. ಅಂದಿನಿಂದ "ಒಳ್ಳೆಯ ಗಡ್ಡೆ" ಎಂಬ ಮಾತನ್ನು ನಾನು ಯಾರಿಗೂ ಹೇಳಿಲ್ಲ.

ಶಸ್ತ್ರಚಿಕಿತ್ಸೆಗೆ ಮೂರು ವಾರಗಳಿದ್ದವು. ಆ ದಿನಗಳಲ್ಲಿ ಮನೆಯಲ್ಲಿ ನಡೆದದ್ದೆಲ್ಲ ಒಂದೇ ವಿಚಾರಣೆ: ಇದು ಏಕೆ ಬಂತು? ಮೊಬೈಲಿನಿಂದ ಎಂದರು ಒಬ್ಬರು. ಅತಿಯಾಗಿ ಓದಿದ್ದರಿಂದ ಎಂದರು ಮತ್ತೊಬ್ಬರು. ಚಿಂತೆ ಮಾಡುತ್ತೀಯಲ್ಲ, ಅದಕ್ಕೇ ಎಂದವರೂ ಉಂಟು. ಅಮ್ಮ ಮಾತ್ರ ಏನೂ ಹೇಳುತ್ತಿರಲಿಲ್ಲ. ಒಂದು ಸಂಜೆ ನನ್ನ ತಲೆಯ ಎಡಭಾಗವನ್ನು ಬೆರಳಿನಿಂದ ತಡವುತ್ತಾ, "ಒಂದೂವರೆ ವರ್ಷದವಳಿದ್ದಾಗ ನನ್ನ ಕೈಯಿಂದ ಜಾರಿ ಮೆಟ್ಟಿಲ ಮೇಲೆ ಬಿದ್ದಿದ್ದೆ. ಇದೇ ಜಾಗ" ಎಂದರು. ಮೂವತ್ತೆಂಟು ವರ್ಷದ ಮಗಳ ಕಾಯಿಲೆಗೆ ಮೂವತ್ತಾರು ವರ್ಷ ಹಿಂದಿನ ಒಂದು ಕ್ಷಣವನ್ನು ಅವರು ರಾತ್ರಿಯೆಲ್ಲ ಅಗೆಯುತ್ತಿದ್ದರು.

ಮುಂದಿನ ಭೇಟಿಗೆ ಅಮ್ಮನನ್ನು ಕರೆದುಕೊಂಡೇ ಹೋದೆ. ಶಸ್ತ್ರಚಿಕಿತ್ಸಕರು ಸಮಯ ಕೊಟ್ಟು ಕೂತರು. ಅದಕ್ಕಾಗಿ ಅವರಿಗೆ ನಾನು ಋಣಿ. ಬಿದ್ದ ಪೆಟ್ಟಿನಿಂದ ಇಂಥ ಗಡ್ಡೆ ಹುಟ್ಟುತ್ತದೆಂಬುದಕ್ಕೆ ಆಧಾರವಿಲ್ಲ ಎಂದರು. ಮೊಬೈಲಿನ ಅಲೆಗಳನ್ನು 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ "ಸಾಧ್ಯತೆಯನ್ನು ತಳ್ಳಿಹಾಕಲಾಗದು" ಎನ್ನುವ ಪಟ್ಟಿಗೆ ಸೇರಿಸಿತ್ತು. ಆದರೆ ಅದೇ ಸಂಸ್ಥೆ ಮಾಡಿಸಿ 2024ರಲ್ಲಿ ಪ್ರಕಟವಾದ ಅಧ್ಯಯನಗಳ ದೊಡ್ಡ ಪರಿಶೀಲನೆಯಲ್ಲಿ ನಂಟು ಕಾಣಲಿಲ್ಲ. ಖಚಿತವಾಗಿ ತಿಳಿದ ಹೊರಗಿನ ಕಾರಣವೆಂದರೆ ತಲೆಗೆ ತಗಲುವ ಪ್ರಬಲ ವಿಕಿರಣ. ಕಳೆದ ಶತಮಾನದ ನಡುಭಾಗದಲ್ಲಿ ಇಸ್ರೇಲಿನಲ್ಲಿ ಸಾವಿರಾರು ಮಕ್ಕಳಿಗೆ ತಲೆಯ ಗಜಕರ್ಣಕ್ಕೆ ಎಕ್ಸ್‌ರೇ ಚಿಕಿತ್ಸೆ ಕೊಟ್ಟಿದ್ದರು. ದಶಕಗಳ ಬಳಿಕ ಅವರಲ್ಲಿ ಮೆನಿಂಜಿಯೋಮಾ ಹೆಚ್ಚಾಗಿ ಕಾಣಿಸಿಕೊಂಡಿತು. ಇನ್ನು ನ್ಯೂರೋಫೈಬ್ರೊಮಾಟೋಸಿಸ್, ಲಿ-ಫ್ರಾಮೆನಿಯಂಥ ಕೆಲವು ಅಪರೂಪದ ವಂಶವಾಹಿ ಕಾಯಿಲೆಗಳು. ಇವೆರಡೂ ನಮ್ಮ ಮನೆಯ ಕಥೆಯಲ್ಲ. ಉಳಿದ ಬಹುಪಾಲು ಜನರಿಗೆ ಆಗುವುದು, ಕೋಶವೊಂದು ಇಬ್ಭಾಗವಾಗುವಾಗ ನಡೆದುಹೋಗುವ ತಪ್ಪು. ಯಾರೂ ಮಾಡಿದ್ದಲ್ಲ.

ಅಮ್ಮ ಕೇಳಿಸಿಕೊಂಡರು. ನಂಬಿದರೋ ಇಲ್ಲವೋ ಅಂದು ತಿಳಿಯಲಿಲ್ಲ.

ನನ್ನ ಗಡ್ಡೆ ಮಾತಿನ ಕೇಂದ್ರಕ್ಕೆ ಅಂಟಿಕೊಂಡಿತ್ತು. ಹಾಗಾಗಿ ಎಚ್ಚರವಾಗಿರುವಾಗಲೇ ತೆಗೆಯಬೇಕೆಂದರು. ಕೇಳಿದವರೆಲ್ಲ ಬೆಚ್ಚಿದರು. ನಾನೂ ಬೆಚ್ಚಿದೆ. ಆದರೆ ನೆತ್ತಿಯ ಚರ್ಮಕ್ಕೂ ಮಿದುಳಿನ ಹೊರಪೊರೆಗೂ ನೋವಿದೆಯೇ ಹೊರತು ಮಿದುಳಿಗೆ ನೋವು ತಿಳಿಯುವುದಿಲ್ಲ. ಮೊದಲು ಮಲಗಿಸಿ, ಚರ್ಮಕ್ಕೆ ಮರಗಟ್ಟುವ ಔಷಧಿ ಕೊಟ್ಟು, ಬುರುಡೆ ತೆರೆದ ಮೇಲೆ ಎಬ್ಬಿಸುತ್ತಾರೆ. ಎದ್ದಾಗ ನನ್ನ ತಲೆಯನ್ನು ಮೂರು ಮೊಳೆಗಳ ಚೌಕಟ್ಟಿನಲ್ಲಿ ಬಿಗಿದಿದ್ದರು. ಮುಖದ ಮೇಲೆ ಪಾರದರ್ಶಕ ಹಾಳೆಯೊಂದು ಗುಡಾರದಂತೆ ಇಳಿಬಿದ್ದಿತ್ತು. ಅದರೊಳಗಿನಿಂದ ಭಾಷಾ ಚಿಕಿತ್ಸಕಿಯ ಮುಖ ಮಾತ್ರ ಕಾಣುತ್ತಿತ್ತು. ಹಿಂದಿನ ದಿನವೇ ನಾವಿಬ್ಬರೂ ಅಭ್ಯಾಸ ಮಾಡಿದ್ದೆವು: ಆಕೆ ಚಿತ್ರ ತೋರಿಸುತ್ತಾರೆ, ನಾನು "ಇದು ಛತ್ರಿ", "ಇದು ಏಣಿ" ಎನ್ನಬೇಕು. ಬರೀ ಛತ್ರಿ ಎಂದರೆ ಸಾಲದು, "ಇದು" ಬೇಕೇ ಬೇಕು.

ಅದರ ಗುಟ್ಟು ಮೇಜಿನ ಮೇಲೆ ತಿಳಿಯಿತು. ಶಸ್ತ್ರಚಿಕಿತ್ಸಕರು ಮಿದುಳಿನ ಮೇಲ್ಮೈಯ ಒಂದೊಂದು ಜಾಗಕ್ಕೂ ಸಣ್ಣ ವಿದ್ಯುತ್ ಸ್ಪರ್ಶ ಕೊಡುತ್ತಾ ಹೋದರು. "ಇದು ಏಣಿ." "ಇದು ಕತ್ತರಿ." ಆಮೇಲೆ ಬೀಗದ ಕೈ ಬಂತು. "ಇದು..." ಎಂದೆ. ಮುಂದಿನದು ಇಲ್ಲ. ಏನೆಂದು ಗೊತ್ತು, ಬಾಗಿಲಿಗೆ ಹಾಕಿ ತಿರುಗಿಸುವುದನ್ನು ಬೆರಳಿನಲ್ಲಿ ಮಾಡಿ ತೋರಿಸಿದೆ; ಪದ ಮಾತ್ರ ಇಲ್ಲ. "ಸರಿ, ಬಿಟ್ಟಿದ್ದೇವೆ" ಎಂಬ ದನಿ ಕೇಳಿತು, ಮರುಕ್ಷಣ "ಬೀಗದ ಕೈ!" ಎಂದು ಕೂಗಿದೆ. ಇನ್ನೊಂದು ಜಾಗದಲ್ಲಿ "ಇದು" ಎಂಬುದೂ ಬರಲಿಲ್ಲ, ತುಟಿಗಳೇ ಏಳಲಿಲ್ಲ. ಅದೇ ಹಳೆಯ ಅರ್ಧ ನಿಮಿಷದ ಮೌನ. ಫೋನಿನಲ್ಲಿ ಬಂದದ್ದು ಇದೇ ಎಂದು ಅಲ್ಲೇ ಗುರುತಿಸಿದೆ. ಮೊದಲನೆಯದು ಹೆಸರು ಹುಡುಕುವ ಜಾಗ, ಎರಡನೆಯದು ಮಾತನ್ನು ಹೊರಡಿಸುವ ಜಾಗ. "ಇದು" ಎಂಬ ಒಂದು ಪದ ಎರಡನ್ನೂ ಬೇರ್ಪಡಿಸಿ ತೋರಿಸುತ್ತದೆ. ಅಂಥ ಜಾಗಗಳ ಮೇಲೆ ಅಂಕಿ ಬರೆದ ಪುಟ್ಟ ಚೀಟಿಗಳನ್ನಿಟ್ಟು, ಅವನ್ನು ಮುಟ್ಟದೆ ಉಳಿದದ್ದನ್ನು ತೆಗೆದರು. ಕಳೆದ ಶತಮಾನದಲ್ಲಿ ಮಾಂಟ್ರಿಯಲ್ಲಿನ ವೈಲ್ಡರ್ ಪೆನ್‌ಫೀಲ್ಡ್ ರೂಢಿಗೆ ತಂದ ವಿಧಾನದ ಮುಂದುವರಿಕೆಯಿದು.

ಎಲ್ಲವನ್ನೂ ತೆಗೆಯಲಾಗಲಿಲ್ಲ. ಅದು ಸಾಧ್ಯವೂ ಅಲ್ಲ. ಈ ಜಾತಿಯ ಗಡ್ಡೆಗೆ ಅಂಚೆಂಬುದಿಲ್ಲ. ಕೋಶಗಳು ನರತಂತುಗಳ ದಾರಿಯಲ್ಲಿ ಬಿಡಿಬಿಡಿಯಾಗಿ ಹರಿದಾಡುತ್ತವೆ. 1928ರಲ್ಲಿ ವಾಲ್ಟರ್ ಡ್ಯಾಂಡಿ ಎಂಬ ಶಸ್ತ್ರಚಿಕಿತ್ಸಕರು ಗ್ಲಿಯೋಮಾ ಎಂಬ ಇದೇ ಜಾತಿಯ ಗಡ್ಡೆ ಇದ್ದ ಕೆಲವರ ಮಿದುಳಿನ ಬಲ ಅರೆಗೋಳವನ್ನೇ ಪೂರ್ತಿ ತೆಗೆದ ಬಗ್ಗೆ ವರದಿ ಮಾಡಿದರು. ಆದರೂ ಗಡ್ಡೆ ಮರಳಿತ್ತು. ಇದನ್ನು ನಾನು ಮೊದಲೇ ಓದಿದ್ದರೆ ಕುಸಿಯುತ್ತಿದ್ದೆ; ಆಮೇಲೆ ಓದಿದ್ದರಿಂದ "ಏಕೆ ಪೂರ್ತಿ ತೆಗೆಯಲಿಲ್ಲ" ಎಂದು ಯಾರನ್ನೂ ದೂರದಂತಾಯಿತು.

ಬಳಿಕದ ವಾರಗಳಲ್ಲಿ ಪದಗಳು ಇದ್ದವು, ಅವುಗಳ ಬಾಲಗಳು ಹೋಗಿದ್ದವು. "ಪುಸ್ತಕ ಮೇಜು ಇಡಿ" ಎನ್ನುತ್ತಿದ್ದೆ. ಪುಸ್ತಕವನ್ನು ಮೇಜಿನ ಮೇಲೆ ಎನ್ನುವ ಆ ಅನ್ನು, ಇನ ಎಲ್ಲಿಗೆ ಹೋದವೋ. ವಿಭಕ್ತಿ ಪ್ರತ್ಯಯಗಳನ್ನು ತಿದ್ದುವುದೇ ಹೊಟ್ಟೆಪಾಡಾಗಿದ್ದವಳು ಒಂದೊಂದನ್ನೇ ಮತ್ತೆ ಪದಕ್ಕೆ ಹೊಲಿಯುವುದನ್ನು ಕಲಿತೆ. ಎರಡು ತಿಂಗಳು ಹಿಡಿಯಿತು. ಊತ ಇಳಿಸಲು ಕೊಟ್ಟ ಡೆಕ್ಸಾಮೆಥಾಸೋನ್‌ನಿಂದ ನಿದ್ದೆ ಹಾರಿಹೋಗಿತ್ತು. ಫಿಟ್ಸ್ ತಡೆಯುವ ಲೆವೆಟಿರಾಸೆಟಮ್‌ನಿಂದ ಸಿಟ್ಟು ಮೂಗಿನ ತುದಿಯಲ್ಲೇ. ಅದು ಔಷಧಿಯ ಸಿಟ್ಟು ಎಂದು ನರ್ಸ್ ಹೇಳಿದ ದಿನ ಗಂಡನೂ ನಾನೂ ನಿಟ್ಟುಸಿರು ಬಿಟ್ಟೆವು. ಇದನ್ನು ಮೊದಲೇ ಎಲ್ಲರಿಗೂ ಹೇಳಬೇಕು.

ವರದಿ ಎರಡು ಕಂತಿನಲ್ಲಿ ಬಂತು. ಮೊದಲನೆಯದು ಸೂಕ್ಷ್ಮದರ್ಶಕದಲ್ಲಿ ಕಂಡದ್ದು. ಎರಡನೆಯದು, ಹದಿನೆಂಟನೆಯ ದಿನ, ಕೋಶದ ಡಿ.ಎನ್.ಎ. ಓದಿ ಬರೆದದ್ದು. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದ ಪ್ರಕಾರ ಇಂಥ ಗಡ್ಡೆಗಳ ಸರಿಯಾದ ಹೆಸರು ಹೊರಡುವುದು ಈ ಎರಡನೆಯದರಿಂದಲೇ. ಹಾಗಾಗಿ ಮೊದಲ ಕಂತಿನಲ್ಲೇ ಎದೆಗುಂದಿ ಕೂರಬೇಡಿ. ನನ್ನದು: ಆಲಿಗೋಡೆಂಡ್ರೋಗ್ಲಿಯೋಮಾ, ದರ್ಜೆ 2.

ಆ ಉದ್ದ ಹೆಸರಿನೊಳಗೆ ಅಡಗಿರುವ ಗ್ಲಿಯಾ ಎಂಬ ಕೋಶವೇ ಇದರ ಮೂಲ. ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ದೊಡ್ಡವರಾದ ಮೇಲೆ ಅವು ಸಾಮಾನ್ಯವಾಗಿ ಇಬ್ಭಾಗವಾಗುವುದಿಲ್ಲ. ಇಬ್ಭಾಗವಾಗದ ಕೋಶದಿಂದ ಗಡ್ಡೆ ಹುಟ್ಟುವುದು ಕಷ್ಟ. ಆದರೆ ನರಕೋಶಗಳನ್ನು ಪೋಷಿಸುವ, ಅವುಗಳ ತಂತುಗಳಿಗೆ ಹೊದಿಕೆ ಸುತ್ತುವ ಗ್ಲಿಯಾ ಕೋಶಗಳೂ ಅವುಗಳ ತಾಯಿಕೋಶಗಳೂ ಇವೆ. ಇವುಗಳಲ್ಲಿ ಕೆಲವು ಬದುಕಿಡೀ ಇಬ್ಭಾಗವಾಗುತ್ತಲೇ ಇರುತ್ತವೆ. ಪ್ರತಿ ಸಲವೂ ಸುಮಾರು ಮುನ್ನೂರು ಕೋಟಿ ಅಕ್ಷರಗಳ ಗ್ರಂಥವೊಂದು ಹೊಸದಾಗಿ ನಕಲಾಗಬೇಕು. ಕೋಶದಲ್ಲಿಯೂ ಕರಡು ತಿದ್ದುವವರಿದ್ದಾರೆ: ನಕಲು ಮಾಡುವ ಕಿಣ್ವವೇ ಹಿಂದಿರುಗಿ ನೋಡಿ ತಪ್ಪು ಅಕ್ಷರವನ್ನು ಅಳಿಸಿ ಸರಿಪಡಿಸುತ್ತದೆ. ಎಷ್ಟೇ ತಿದ್ದಿದರೂ ಒಂದೆರಡು ಉಳಿಯುತ್ತವೆ. ಅದನ್ನು ನನಗೆ ಯಾರೂ ವಿವರಿಸಬೇಕಿರಲಿಲ್ಲ.

ವರದಿಯಲ್ಲಿ ಐ.ಡಿ.ಎಚ್.1 ಎಂಬ ಜೀನಿನ ಹೆಸರಿತ್ತು. ಗ್ಲಿಯೋಮಾಗಳಲ್ಲಿ ಇದರ ಪಾತ್ರ ಬೆಳಕಿಗೆ ಬಂದದ್ದು 2008ರಲ್ಲಿ. ಆ ಜೀನಿನಲ್ಲಿ ಸಿ.ಜಿ.ಟಿ. ಎಂದಿರಬೇಕಾದಲ್ಲಿ ನನ್ನ ಗಡ್ಡೆಯಲ್ಲಿ ಸಿ.ಎ.ಟಿ. ಎಂದಿದೆ. ಒಂದಕ್ಷರ. ಒಂದು ಕೊಂಬು ಹೆಚ್ಚಾದರೆ ಹಲ್ಲು ಹುಲ್ಲಾಗುವಂತೆ. ಇದರಿಂದ ತಯಾರಾಗುವ ಕಿಣ್ವ ತನ್ನ ಹಳೆಯ ಕೆಲಸ ಬಿಟ್ಟು ಬೇರೊಂದು ರಾಸಾಯನಿಕವನ್ನು ರಾಶಿ ಹಾಕುತ್ತದೆ. ಆ ರಾಶಿಯಿಂದಾಗಿ ಡಿ.ಎನ್.ಎ. ಮೇಲಿನ ಕೆಲವು ಗುರುತುಗಳು ಅಳಿಯಬೇಕಾದಾಗ ಅಳಿಯುವುದಿಲ್ಲ. ಕೋಶ ಬಲಿತು ತನ್ನ ಕೆಲಸಕ್ಕೆ ನಿಲ್ಲುವ ಬದಲು ಎಳೆಯದಾಗಿಯೇ ಉಳಿದು ಇಬ್ಭಾಗವಾಗುತ್ತಾ ಹೋಗುತ್ತದೆ. ಇಷ್ಟೇ ಸಾಲದು. 1 ಮತ್ತು 19ನೆಯ ಕ್ರೋಮೋಸೋಮುಗಳ ಒಂದೊಂದು ತೋಳು ಪೂರ್ತಿ ಕಳೆದುಹೋಗಿತ್ತು. ಟರ್ಟ್ ಎಂಬ ಇನ್ನೊಂದು ಜೀನಿನ ಹೊಸ್ತಿಲಲ್ಲಿಯೂ ಒಂದಕ್ಷರ ಬದಲಾಗಿತ್ತು. ಇಷ್ಟು ಸಲ ಇಬ್ಭಾಗವಾದ ಮೇಲೆ ಸಾಕು ಎನ್ನುವ ಮಿತಿಯನ್ನು ಕೋಶ ದಾಟಿದ್ದು ಹಾಗೆ. ತಪ್ಪಿನ ಮೇಲೆ ತಪ್ಪು ಕೂಡಲು ವರ್ಷಗಳು ಬೇಕು.

ಎಷ್ಟು ವರ್ಷ? ಇಂಥ ಗಡ್ಡೆಗಳ ಅಡ್ಡಗಲ ವರ್ಷಕ್ಕೆ ಸರಾಸರಿ 4 ಮಿಲಿಮೀಟರ್‌ನಷ್ಟು ಹಿಗ್ಗುತ್ತದೆ. ನನ್ನದು 4 ಸೆಂಟಿಮೀಟರ್ ಇತ್ತು. ಲೆಕ್ಕ ಹಾಕಿ ಸುಮ್ಮನಾದೆ. ನನ್ನ ಮದುವೆಯ ದಿನವೂ ಬಹುಶಃ ಅದು ನನ್ನೊಡನಿತ್ತು. ಅಷ್ಟು ನಿಧಾನವಾಗಿ ಬಂದದ್ದರಿಂದಲೇ ಮಿದುಳು ಪಕ್ಕಕ್ಕೆ ಸರಿದು, ಕೆಲಸಗಳನ್ನು ಅಕ್ಕಪಕ್ಕದ ಜಾಗಗಳಿಗೆ ಹಂಚಿ ಹೊಂದಿಕೊಂಡಿತ್ತು; ತಲೆನೋವೂ ಬರಲಿಲ್ಲ. ಬೇಗ ಬೆಳೆಯುವ ಇನ್ನೊಂದು ಬಗೆಯ ಗ್ಲಿಯೋಮಾಗಳಾದ ಗ್ಲಿಯೋಬ್ಲಾಸ್ಟೋಮಾಗಳ ದಾರಿ ಬೇರೆ. ಅವುಗಳಲ್ಲಿ ಐ.ಡಿ.ಎಚ್. ಬದಲಾವಣೆ ಇರುವುದಿಲ್ಲ, ತಿಂಗಳುಗಳಲ್ಲಿ ಬೆಳೆದು ನಿಲ್ಲುತ್ತವೆ. ಹೆಸರಿನ ಕೊನೆಯಲ್ಲಿ "ಓಮಾ" ಇದೆಯೆಂದು ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಇನ್ನೊಬ್ಬರ ಕಥೆಯ ಅಂಕಿಗಳನ್ನು ನಿಮ್ಮ ಮನೆಗೆ ತರಬೇಡಿ.

ಎಲ್ಲರೂ ಕೇಳುವ ಪ್ರಶ್ನೆ "ಯಾವ ಹಂತ?" ಎಂಬುದು. ಮಿದುಳಿನಲ್ಲೇ ಹುಟ್ಟಿದ ಗ್ಲಿಯೋಮಾಗಳಿಗೆ ಹಂತ ಹೇಳುವುದಿಲ್ಲ. ದೇಹದಲ್ಲಿ ಎಷ್ಟು ದೂರ ಹರಡಿದೆ ಎಂಬುದು ಹಂತ. ಇವು ತಲೆ, ಬೆನ್ನುಹುರಿಗಳ ಆಚೆ ಹೋಗುವುದೇ ಅಪರೂಪ. ಇವಕ್ಕಿರುವುದು 1ರಿಂದ 4ರವರೆಗಿನ ದರ್ಜೆ, ಅಂದರೆ ಕೋಶಗಳ ಸ್ವಭಾವ. ದರ್ಜೆ 2 ಎಂದರೆ ಎರಡನೆಯ ಹಂತ ಎಂದು ನಮ್ಮ ನೆಂಟರು ಇಂದಿಗೂ ಹೇಳುತ್ತಾರೆ. ಹಾಗೆಯೇ ಅದು "ಕ್ಯಾನ್ಸರ್ ಅಲ್ಲ" ಎಂದು ಸಮಾಧಾನ ಹೇಳಿದ ವೈದ್ಯರೊಬ್ಬರೂ ಇದ್ದರು. ಅದು ನಿಧಾನದ ಕ್ಯಾನ್ಸರ್. ಮುಂದೆ ದರ್ಜೆ ಏರಬಹುದು. ನಿಜ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಸುಳ್ಳಿನ ಸಮಾಧಾನ ಒಡೆದಾಗ ಎರಡು ಸಲ ನೋವಾಯಿತು.

ಹೆಚ್ಚಿನ ಭಾಗ ತೆಗೆದಿದ್ದರಿಂದಲೂ ನನ್ನ ವಯಸ್ಸನ್ನು ನೋಡಿಯೂ ವಿಕಿರಣ, ಕಿಮೋಥೆರಪಿಗಳನ್ನು ಸದ್ಯಕ್ಕೆ ಕಾಯ್ದಿರಿಸಿದ್ದಾರೆ. ಆ ಒಂದಕ್ಷರದ ತಪ್ಪಿನಿಂದ ಹುಟ್ಟಿದ ಕಿಣ್ವವನ್ನೇ ತಡೆಯುವ ವೊರಾಸಿಡೆನಿಬ್ ಎಂಬ ಮಾತ್ರೆಗೆ 2024ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಅನುಮೋದನೆ ಸಿಕ್ಕಿದೆ, ನನ್ನಂಥವರಿಗಾಗಿಯೇ. ಅದರ ಬಗ್ಗೆಯೂ ನಮ್ಮ ನಡುವೆ ಮಾತು ನಡೆಯುತ್ತಿದೆ. ಒಂದು ದಿನ ಈ ಅಕ್ಷರದ ಕಥೆಯನ್ನು ಕಾಗದದ ಮೇಲೆ ಬರೆದು ಅಮ್ಮನಿಗೆ ತೋರಿಸಿದೆ. ಎರಡೂ ಪದಗಳನ್ನು ಬೆರಳಿಟ್ಟು ಓದಿದರು. "ಇಷ್ಟೇನಾ?" ಎಂದರು. ಆಮೇಲೆ ಕಣ್ಣೊರೆಸಿಕೊಂಡು, "ಹಾಗಾದರೆ ಆ ಮೆಟ್ಟಿಲಲ್ಲ" ಎಂದರು. ಅಲ್ಲವೆಂದೆ.

ಮೊದಲ ಎರಡು ವರ್ಷ ನಾಲ್ಕು ತಿಂಗಳಿಗೊಮ್ಮೆ ಎಂ.ಆರ್.ಐ. ಇತ್ತು, ಈಗ ಆರು ತಿಂಗಳಿಗೊಮ್ಮೆ. ಪರದೆಯ ಮೇಲೆ ಗಡ್ಡೆಯಿದ್ದ ಜಾಗದಲ್ಲಿ ದ್ರವ ತುಂಬಿದ ಗುಳಿ, ಅದರ ಹಿಂದಿನ ಅಂಚಿನಲ್ಲಿ ಬೆಳ್ಳನೆಯ ತೆಳು ಗೆರೆ. ಕಳೆದ ಬಾರಿ ವರದಿಯಲ್ಲಿ "ಹಿಂದಿನಂತೆಯೇ ಇದೆ" ಎಂದಿತ್ತು. ಹಿಂದಿನದು ಎಂದರೆ ಯಾವುದು ಎಂದು ಕೇಳಿದೆ. ಆರು ತಿಂಗಳ ಹಿಂದಿನದು. ವರ್ಷಕ್ಕೆ ಕೆಲವೇ ಮಿಲಿಮೀಟರ್ ಸರಿಯುವುದನ್ನು ಪಕ್ಕಪಕ್ಕದ ಎರಡು ಚಿತ್ರಗಳಲ್ಲಿ ಕಣ್ಣು ಹಿಡಿಯದು. ಶಸ್ತ್ರಚಿಕಿತ್ಸೆಯಾದ ಮೂರನೆಯ ತಿಂಗಳಿನ ಚಿತ್ರದೊಡನೆ ಹೋಲಿಸಿ ಎಂದೆ. ವೈದ್ಯರು ಆ ಡಿಸ್ಕ್ ಹಾಕಿ, ಎರಡನ್ನೂ ಅಕ್ಕಪಕ್ಕ ಇಟ್ಟು, ಅಳತೆಯ ಗೆರೆ ಎಳೆದರು. ಅಷ್ಟೇ ಇತ್ತು. ಆ ಹಳೆಯ ಡಿಸ್ಕನ್ನು ಈಗ ಕರಡುಗಳ ಜೊತೆ ಕೈಚೀಲದಲ್ಲೇ ಇಟ್ಟುಕೊಂಡಿದ್ದೇನೆ. ಮುಂದಿನ ಎಂ.ಆರ್.ಐ. ಮಾರ್ಚ್ ತಿಂಗಳಿನಲ್ಲಿ.